ಸರಕಾರ ಹಂಚುವ ಹಣದಿಂದಲೇ ಬೆಲೆ ಏರುತ್ತಿದೆಯೇ? ಡಬ್ಬಾದ ದರ ನಿಶ್ಚಯಿಸಲು ಅನುಭವಿಗಳ ಸಲಹೆ ಬೇಕು

ಡೊಂಬಿವಲಿಯಿಂದ ಕೇಳಿದ್ದು

ಡೊಂಬಿವಲಿ ಪೂರ್ವದಲ್ಲಿ ಒಂಬತ್ತು ವರ್ಷಗಳಿಂದ ನಾನು ಮನೆಯಲ್ಲೇ ಅಡುಗೆ ಮಾಡಿ ಮಧ್ಯಾಹ್ನದ ಡಬ್ಬಾ ಕಳುಹಿಸುತ್ತಿದ್ದೇನೆ. ಈಗ ನಲವತ್ತೆರಡು ಡಬ್ಬಾಗಳಿವೆ, ಸಹಾಯಕ್ಕೆ ಇಬ್ಬರು ಹೆಂಗಸರಿದ್ದಾರೆ. ತಿಂಗಳ ದರವನ್ನು ಕೊನೆಯ ಬಾರಿ ಏರಿಸಿದ್ದು 2023ರ ಜುಲೈಯಲ್ಲಿ, ಟೊಮೆಟೊ ಕೈಗೆಟುಕದಂತಾಗಿದ್ದ ದಿನಗಳಲ್ಲಿ. ನಮ್ಮ ಭಾವನವರು ಹೇಳುವುದೇನೆಂದರೆ, ಮಹಾರಾಷ್ಟ್ರ ಸರಕಾರವು 'ಲಾಡ್ಕಿ ಬಹೀಣ್' ಯೋಜನೆಯಲ್ಲಿ 2024ರಿಂದ ಹೆಂಗಸರ ಖಾತೆಗೆ ತಿಂಗಳಿಗೆ 1,500 ರೂಪಾಯಿ ಹಂಚುತ್ತಿರುವುದರಿಂದ ಇನ್ನು ಮುಂದೆ ಎಲ್ಲದರ ಬೆಲೆಯೂ ಏರುತ್ತಲೇ ಹೋಗುತ್ತದೆ. ಆದ್ದರಿಂದ ಡಬ್ಬಾದ ದರವನ್ನು ಈಗಲೇ ಶೇಕಡಾ 20ರಷ್ಟು ಏರಿಸಬೇಕು, ಎಣ್ಣೆ ಬೇಳೆಗಳನ್ನು ಆರು ತಿಂಗಳಿಗಾಗುವಷ್ಟು ತುಂಬಿಸಿಡಬೇಕು, ನಮ್ಮ ಯಜಮಾನರ ನಿವೃತ್ತಿಯ ಹಣವನ್ನು ಠೇವಣಿಯಿಂದ ತೆಗೆದು ಚಿನ್ನ ಕೊಳ್ಳಬೇಕು. ಆದರೆ 2025ರ ಅಕ್ಟೋಬರಿನಲ್ಲಿ ದೇಶದ ಹಣದುಬ್ಬರ ಶೇಕಡಾ 0.25ಕ್ಕೆ ಇಳಿದಿದೆ ಎಂದು ಪತ್ರಿಕೆಯಲ್ಲಿ ಓದಿದೆ. ಇವೆರಡನ್ನೂ ಒಟ್ಟಿಗೆ ನಂಬುವುದು ಹೇಗೆ? ವ್ಯಾಪಾರ ಮಾಡಿದವರು, ಬ್ಯಾಂಕಿನಲ್ಲಿದ್ದವರು ತಮ್ಮ ಅನುಭವವನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಮಾಟುಂಗದ ಹೋಟೆಲಿನವರೊಬ್ಬರು

ಅಕ್ಕ, ಮೊದಲು ಆ ಆರು ತಿಂಗಳ ದಾಸ್ತಾನಿನ ಮಾತನ್ನು ಬಿಟ್ಟುಬಿಡಿ. ಆ ತಪ್ಪನ್ನು ನಾನು ಮಾಡಿ ಮುಗಿಸಿದ್ದೇನೆ. 2022ರ ಫೆಬ್ರವರಿಯಲ್ಲಿ ಯುಕ್ರೇನಿನ ಯುದ್ಧ ಆರಂಭವಾಗಿ ಸೂರ್ಯಕಾಂತಿ ಎಣ್ಣೆಯ ಪೂರೈಕೆ ಕುಸಿಯಿತು; ಏಪ್ರಿಲ್ 28ರಿಂದ ಇಂಡೋನೇಷ್ಯಾ ತಾಳೆ ಎಣ್ಣೆಯ ರಫ್ತನ್ನೇ ನಿಲ್ಲಿಸಿತು. ವಾಶಿಯ ಸಗಟು ಮಾರುಕಟ್ಟೆಯಲ್ಲಿ ಎಣ್ಣೆಯ ಡಬ್ಬದ ಬೆಲೆ ಬೆಳಿಗ್ಗೆ ಒಂದು, ಸಂಜೆ ಇನ್ನೊಂದು ಎಂಬಂತಾಗಿತ್ತು. ಕೊರೋನಾ ಕಾಲದಲ್ಲಿ ಸರಕಾರಗಳು ನೋಟು ಮುದ್ರಿಸಿ ಹಂಚಿದ್ದರ ಫಲ ಇದು, ಇನ್ನು ಬೆಲೆ ಇಳಿಯುವ ಮಾತೇ ಇಲ್ಲ ಎಂದು ಗಲ್ಲಾದ ಮುಂದೆ ನಿಂತು ಹೇಳಿದವರ ಮಾತನ್ನು ನಂಬಿ, ಗೋದಾಮು ಹಿಡಿಸುವಷ್ಟು ಎಣ್ಣೆ ತರಿಸಿದೆ. ಮೇ 23ಕ್ಕೆ ಇಂಡೋನೇಷ್ಯಾ ರಫ್ತಿನ ತಡೆಯನ್ನು ತೆರವುಗೊಳಿಸಿತು, ಜೂನ್ ಜುಲೈಗಳಲ್ಲಿ ಬೆಲೆ ಬಿತ್ತು. ಪಕ್ಕದ ಹೋಟೆಲಿನವರು ಅಗ್ಗದ ಎಣ್ಣೆಯಲ್ಲಿ ವಡೆ ಕರಿಯುತ್ತಿದ್ದಾಗ ನಾನು ಗಣೇಶ ಚೌತಿಯವರೆಗೂ ದುಬಾರಿ ಎಣ್ಣೆಯನ್ನೇ ಸುರಿಯಬೇಕಾಯಿತು.

ಅಂದಿನಿಂದ ನಾನು ಖರ್ಚನ್ನು ಎರಡು ಪಾಲು ಮಾಡಿ ನೋಡುವ ಅಭ್ಯಾಸ ಮಾಡಿಕೊಂಡಿದ್ದೇನೆ. ಟೊಮೆಟೊ, ಈರುಳ್ಳಿ, ಎಣ್ಣೆ, ತೆಂಗಿನಕಾಯಿ ಇವು ಏರುತ್ತವೆ, ಇಳಿಯುತ್ತವೆ. ಕೂಲಿ ಮತ್ತು ಬಾಡಿಗೆ ಏರಿದರೆ ಇಳಿಯುವುದಿಲ್ಲ. ನಮ್ಮಲ್ಲಿ ದರಪಟ್ಟಿಯಲ್ಲಿ ಒಮ್ಮೆ ಏರಿಸಿದ್ದನ್ನು ಯಾರೂ ಇಳಿಸುವುದಿಲ್ಲ. ಇದು ಗಿರಾಕಿಗಳಿಗೂ ಗೊತ್ತು, ಆದ್ದರಿಂದಲೇ ಏರಿಸಿದಾಗ ಮುನಿಸಿಕೊಳ್ಳುತ್ತಾರೆ. ಹಾಗಾಗಿ ಮೊದಲ ಪಾಲಿಗೆ ಅಡುಗೆಯನ್ನು ಬದಲಾಯಿಸುತ್ತೇನೆ, ಎರಡನೆಯದಕ್ಕೆ ದರವನ್ನು ಬದಲಾಯಿಸುತ್ತೇನೆ. 2023ರಲ್ಲಿ ಟೊಮೆಟೊ ಸಾರಿನ ಬದಲು ಎರಡು ತಿಂಗಳು ಹುಣಸೆಹುಳಿಯ ಸಾರನ್ನೇ ಮಾಡಿಸಿದೆವು, ಯಾರೂ ಎದ್ದು ಹೋಗಲಿಲ್ಲ. ನೀವು ಟೊಮೆಟೊಗಾಗಿ ದರ ಏರಿಸಿದ್ದರೆ, ಟೊಮೆಟೊ ಇಳಿದ ಮೇಲಿನ ಉಳಿತಾಯ ಇಷ್ಟು ಕಾಲ ನಿಮ್ಮ ಕೈಯಲ್ಲೇ ಉಳಿದಿರಬೇಕಲ್ಲ, ಅದನ್ನೂ ಲೆಕ್ಕ ಹಾಕಿ.

ಕೂಲಿಯ ಬಗ್ಗೆ ಇನ್ನೊಂದು ಮಾತು. 1,500 ರೂಪಾಯಿ ಬರತೊಡಗಿದ ಮೇಲೆ ಪಾತ್ರೆ ತೊಳೆಯುವವರು ಸಿಗುವುದಿಲ್ಲ ಎಂದು ನಮ್ಮವರಲ್ಲೇ ಹಲವರು ದೂರುತ್ತಾರೆ, ನಾನೂ ದೂರುತ್ತಿದ್ದೆ. ಆಮೇಲೆ ಬಿಟ್ಟುಹೋದ ಹುಡುಗರನ್ನು ವಿಚಾರಿಸಿದಾಗ ಮೂವರು ಮೆಟ್ರೋ ಕಾಮಗಾರಿಗೆ, ಒಬ್ಬ ಕಟ್ಟಡದ ಕೆಲಸಕ್ಕೆ ಸೇರಿದ್ದರೆಂದು ತಿಳಿಯಿತು. ಅದೂ ಸರಕಾರದ ಖರ್ಚಿನ ಫಲವೇ ಸರಿ, ಆದರೆ ಹೆಂಗಸರ ಖಾತೆಗೆ ಹೋದ ಹಣದ ಫಲವಲ್ಲ. ನಗರದಲ್ಲಿ ಒಂದೇ ಕಾಲಕ್ಕೆ ಹತ್ತಾರು ದೊಡ್ಡ ಕಾಮಗಾರಿಗಳು ನಡೆಯುವಾಗ ದುಡಿಯುವ ಕೈಗೆ ಬೆಲೆ ಬರುತ್ತದೆ. ಮಾಣಿಯ ಸಂಬಳ ಏರಿಸದೆ ನನಗೆ ಬೇರೆ ದಾರಿಯಿರಲಿಲ್ಲ, ಏರಿಸಿದ್ದು ಅನ್ಯಾಯವೆಂದೂ ಅನಿಸುವುದಿಲ್ಲ.

ಪುಣೆಯ ಕೋಥ್ರುಡದಿಂದ, ನಿವೃತ್ತ ಬ್ಯಾಂಕ್ ಅಧಿಕಾರಿ

ತಾಯಿ, ನಿಮ್ಮ ಭಾವನವರ ಮಾತು ಪೂರ್ತಿ ಸುಳ್ಳಲ್ಲ. ಸರಕಾರ ಸಾಲ ಮಾಡಿ ಖರ್ಚು ಮಾಡಿದಾಗ ಬೆಲೆ ಏರಬಹುದು. ಏರುತ್ತದೆಯೋ ಇಲ್ಲವೋ ಎಂಬುದು ಮೂರು ಸಂಗತಿಗಳನ್ನು ಅವಲಂಬಿಸಿದೆ: ಆರ್ಥಿಕತೆಯ ಗಾತ್ರಕ್ಕೆ ಹೋಲಿಸಿದರೆ ಆ ಹಣ ಎಷ್ಟು, ಅದು ಕೈಗೆ ಬಂದ ಸಮಯದಲ್ಲಿ ಕೊಳ್ಳಲು ಸರಕು ಇತ್ತೇ, ಮತ್ತು ಕಷ್ಟದ ಕಾಲ ಮುಗಿದ ಮೇಲೆ ಸರಕಾರ ಆ ಖರ್ಚನ್ನು ನಿಲ್ಲಿಸಿತೇ.

ಮೊದಲನೆಯದಕ್ಕೆ ಲೆಕ್ಕ ಹಾಕೋಣ. 'ಲಾಡ್ಕಿ ಬಹೀಣ್' ಯೋಜನೆಗೆ ಘೋಷಣೆಯ ಸಮಯದಲ್ಲಿ ಅಂದಾಜಿಸಿದ ವಾರ್ಷಿಕ ವೆಚ್ಚ 46,000 ಕೋಟಿ ರೂಪಾಯಿ. ಮಹಾರಾಷ್ಟ್ರದ ವಾರ್ಷಿಕ ಒಟ್ಟು ಉತ್ಪನ್ನ 40 ಲಕ್ಷ ಕೋಟಿಗೂ ಮಿಕ್ಕಿದ್ದು, ಅಂದರೆ ಈ ಹಣ ಅದರ ನೂರರಲ್ಲಿ ಒಂದು ಪಾಲಿನಷ್ಟು. ಅಮೆರಿಕ 2021ರ ಮಾರ್ಚಿನಲ್ಲಿ ಒಂದೇ ಕಾಯಿದೆಯ ಮೂಲಕ ಮಂಜೂರು ಮಾಡಿದ್ದು 1.9 ಲಕ್ಷ ಕೋಟಿ ಡಾಲರ್, ಅದು ಅವರ ಆರ್ಥಿಕತೆಯ ನೂರರಲ್ಲಿ ಎಂಟು ಪಾಲಿಗೂ ಹೆಚ್ಚು. ಅದಕ್ಕೆ ಒಂದು ವರ್ಷ ಮೊದಲು 2.2 ಲಕ್ಷ ಕೋಟಿ ಡಾಲರಿನ ಇನ್ನೊಂದು ಕಾಯಿದೆಯೂ ಆಗಿತ್ತು. ಅಲ್ಲಿಯ ಹಣದುಬ್ಬರ 2022ರ ಜೂನಿನಲ್ಲಿ ಶೇಕಡಾ 9.1 ಮುಟ್ಟಿತು, ನಾಲ್ಕು ದಶಕಗಳಲ್ಲಿ ಅವರು ಅಷ್ಟನ್ನು ಕಂಡಿರಲಿಲ್ಲ. ಮಾಜಿ ಹಣಕಾಸು ಕಾರ್ಯದರ್ಶಿ ಲ್ಯಾರಿ ಸಮ್ಮರ್ಸ್ 2021ರ ಫೆಬ್ರವರಿಯಲ್ಲೇ ಈ ಮೊತ್ತ ಅತಿಯಾಯಿತೆಂದು ಎಚ್ಚರಿಸಿದ್ದರು. ಸ್ಯಾನ್‌ಫ್ರಾನ್ಸಿಸ್ಕೋದ ಫೆಡರಲ್ ರಿಸರ್ವ್ ಬ್ಯಾಂಕಿನ ಅರ್ಥಶಾಸ್ತ್ರಜ್ಞರು, 2021ರ ಕೊನೆಯ ಹೊತ್ತಿಗಿದ್ದ ಅಲ್ಲಿಯ ಹಣದುಬ್ಬರದಲ್ಲಿ ಸುಮಾರು ಮೂರು ಶೇಕಡಾವಾರು ಅಂಶಗಳಷ್ಟು ಸರಕಾರದ ನೆರವಿನಿಂದ ಬಂದಿರಬಹುದೆಂದು ಅಂದಾಜಿಸಿದರು. ಉಳಿದದ್ದು ಹಡಗು, ಎಲೆಕ್ಟ್ರಾನಿಕ್ ಚಿಪ್, ತೈಲಗಳ ಕೊರತೆಯಿಂದ. ಅದೇ ವಾದವನ್ನು ನಮ್ಮ 1,500 ರೂಪಾಯಿಗೆ ಅಂಟಿಸುವುದು ತಕ್ಕಡಿಯನ್ನೇ ಮರೆತಂತೆ.

ಭಾರತವೂ 2020ರ ಮೇಯಲ್ಲಿ 20 ಲಕ್ಷ ಕೋಟಿಯ ಪರಿಹಾರ ಘೋಷಿಸಿತ್ತಲ್ಲ ಎಂದು ಕೇಳಬಹುದು. ಅದರಲ್ಲಿ ಬಹುಪಾಲು ಸಾಲದ ಖಾತರಿ ಮತ್ತು ಬ್ಯಾಂಕುಗಳಿಗೆ ಒದಗಿಸಿದ ಹಣದ ಸೌಕರ್ಯ. ಕೈಗೆ ನೇರವಾಗಿ ಬಂದದ್ದೆಂದರೆ, ಜನಧನ ಖಾತೆಯ ಹೆಂಗಸರಿಗೆ ತಿಂಗಳಿಗೆ 500ರಂತೆ ಮೂರು ತಿಂಗಳು, ಜೊತೆಗೆ ತಲೆಗೆ ಐದು ಕಿಲೋ ಉಚಿತ ಧಾನ್ಯ. ಆದರೂ 2020-21ರ ಸರಾಸರಿ ಹಣದುಬ್ಬರ ಶೇಕಡಾ 6.2 ಇತ್ತು. ಲಾರಿಗಳು ನಿಂತಿದ್ದವು, ಮಾರುಕಟ್ಟೆಗಳು ಮುಚ್ಚಿದ್ದವು. ಕಚ್ಚಾ ತೈಲ ಅಗ್ಗವಾದಾಗ ಸರಕಾರವೇ ಮಾರ್ಚ್ ಮತ್ತು ಮೇ ತಿಂಗಳುಗಳಲ್ಲಿ ಪೆಟ್ರೋಲಿನ ಅಬಕಾರಿ ಸುಂಕವನ್ನು ಲೀಟರಿಗೆ ಒಟ್ಟು 13 ರೂಪಾಯಿ ಏರಿಸಿ, ಆ ಅಗ್ಗದ ಲಾಭ ಜನರಿಗೆ ತಲುಪದಂತೆ ಮಾಡಿತು. ಸರಕಾರ ಕೊಟ್ಟದ್ದರ ಬಗ್ಗೆ ಎಲ್ಲರೂ ಮಾತನಾಡುತ್ತಾರೆ, ತೆಗೆದುಕೊಂಡದ್ದರ ಬಗ್ಗೆ ಅಷ್ಟಾಗಿ ಮಾತಿಲ್ಲ.

ಭಾವನವರ ಮಾತಿಗೆ ನಿಜವಾದ ಆಧಾರ ಸಿಗುವುದು 2008ರ ನಂತರದ ಎರಡು ಮೂರು ವರ್ಷಗಳಲ್ಲಿ. ಆಗ ನಾನು ಗ್ರಾಮಾಂತರ ಶಾಖೆಯೊಂದರಲ್ಲಿದ್ದೆ. ರೈತರ ಸಾಲಮನ್ನಾದ ಪಟ್ಟಿಗಳನ್ನು ನನ್ನ ಕೈಯಿಂದಲೇ ಬರೆದಿದ್ದೇನೆ. ಅದೇ ಕಾಲಕ್ಕೆ ಆರನೆಯ ವೇತನ ಆಯೋಗದ ಬಾಕಿ ಬಂತು, 2008ರ ಡಿಸೆಂಬರಿನಲ್ಲಿ ಮತ್ತು 2009ರ ಫೆಬ್ರವರಿಯಲ್ಲಿ ಅಬಕಾರಿ ಸುಂಕ ಇಳಿಯಿತು. ಕೇಂದ್ರದ ವಿತ್ತೀಯ ಕೊರತೆ, ಅಂದರೆ ವರಮಾನಕ್ಕಿಂತ ಹೆಚ್ಚಾದ ಖರ್ಚು, ರಾಷ್ಟ್ರೀಯ ಉತ್ಪನ್ನದ ಶೇಕಡಾ 2.5ರಿಂದ ಒಂದೇ ವರ್ಷದಲ್ಲಿ 6ಕ್ಕೆ ಏರಿತು. ಜಾಗತಿಕ ಕುಸಿತದ ಮೊದಲ ವರ್ಷಕ್ಕೆ ಅದು ಸರಿಯಾದ ಔಷಧವೇ. ಆದರೆ 2009ರಲ್ಲಿ ಮಳೆ ವಾಡಿಕೆಗಿಂತ ಶೇಕಡಾ 22ರಷ್ಟು ಕಡಿಮೆಯಾಗಿ ಬೇಳೆ, ಸಕ್ಕರೆಗಳು ದುಬಾರಿಯಾದಾಗಲೂ ಔಷಧ ನಿಲ್ಲಲಿಲ್ಲ. ಕೈಗಾರಿಕಾ ಕಾರ್ಮಿಕರ ಬೆಲೆ ಸೂಚ್ಯಂಕ 2009-10ರಲ್ಲಿ ಸರಾಸರಿ ಶೇಕಡಾ 12ಕ್ಕಿಂತ ಹೆಚ್ಚು ಏರಿತು. ರಿಸರ್ವ್ ಬ್ಯಾಂಕು 2010ರ ಮಾರ್ಚಿನಿಂದ 2011ರ ಅಕ್ಟೋಬರಿನೊಳಗೆ ಹದಿಮೂರು ಬಾರಿ ಬಡ್ಡಿ ಏರಿಸಬೇಕಾಯಿತು. ಕೊಡುವುದು ಸುಲಭ, ನಿಲ್ಲಿಸುವುದು ರಾಜಕೀಯವಾಗಿ ಬಲು ಕಷ್ಟ. ಮಹಾರಾಷ್ಟ್ರದ ವಿಷಯದಲ್ಲಿ ನನ್ನ ಆತಂಕವೂ ಅದೇ. ಬೆಲೆಗಿಂತ ಮೊದಲು ಅದರ ಪೆಟ್ಟು ರಾಜ್ಯದ ಬೊಕ್ಕಸಕ್ಕೆ, ಗುತ್ತಿಗೆದಾರರ ಬಾಕಿ ಬಿಲ್ಲುಗಳಿಗೆ ತಗಲುತ್ತದೆ.

ಇನ್ನು ಆ 0.25. ಅದು ಹಿಂದಿನ ವರ್ಷದ ಅದೇ ತಿಂಗಳಿನೊಡನೆ ಮಾಡಿದ ಹೋಲಿಕೆ. 2024ರ ಅಕ್ಟೋಬರಿನಲ್ಲಿ ತರಕಾರಿ ಬೆಲೆ ಶೇಕಡಾ 42ರಷ್ಟು ಏರಿ ಒಟ್ಟು ಹಣದುಬ್ಬರ 6.21 ಆಗಿತ್ತು; ಆ ಎತ್ತರದಿಂದ ಅಳೆದಾಗ 2025 ತಗ್ಗಾಗಿ ಕಾಣುತ್ತದೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಳಿದದ್ದೂ ಅದರಲ್ಲಿ ಸೇರಿದೆ. ಆಗಿನ ಸೂಚ್ಯಂಕದಲ್ಲಿ ಆಹಾರ ಪಾನೀಯಗಳ ತೂಕ ಶೇಕಡಾ 46ರ ಹತ್ತಿರವಿದ್ದುದರಿಂದ ತರಕಾರಿ ಬಿದ್ದಾಗ ಇಡೀ ಅಂಕಿಯೇ ಬೀಳುತ್ತಿತ್ತು. ಬಾಡಿಗೆ, ಶಾಲೆಯ ಶುಲ್ಕ, ಆಸ್ಪತ್ರೆಯ ಖರ್ಚು ಇಳಿಯಿತೆಂದು ಅದು ಹೇಳುತ್ತಿಲ್ಲ.

ಠೇವಣಿಯ ವಿಷಯ. ರಿಸರ್ವ್ ಬ್ಯಾಂಕಿನ ರೆಪೋ ದರ, ಅಂದರೆ ಅದು ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ, 2025ರ ಫೆಬ್ರವರಿಗೆ ಮೊದಲು ಶೇಕಡಾ 6.5 ಇದ್ದದ್ದು ಆ ಡಿಸೆಂಬರಿಗೆ 5.25ಕ್ಕೆ ಬಂತು, ಹೊಸ ಠೇವಣಿಗೆ ಹಳೆಯ ಬಡ್ಡಿ ಸಿಗುವುದಿಲ್ಲ. ಹಳೆಯ ಹೆಚ್ಚಿನ ಬಡ್ಡಿಯದನ್ನು ಅವಧಿಗೆ ಮೊದಲೇ ಮುರಿಯಬೇಡಿ. ಯಜಮಾನರಿಗೆ ಅರವತ್ತು ತುಂಬಿದ್ದರೆ ಹಿರಿಯ ನಾಗರಿಕರ ಉಳಿತಾಯ ಯೋಜನೆಯನ್ನು ನೋಡಿ, ಅದರಲ್ಲಿ 2025ರ ಕೊನೆಗೆ ಶೇಕಡಾ 8.2 ದೊರೆಯುತ್ತಿತ್ತು, 30 ಲಕ್ಷದವರೆಗೆ ಇಡಬಹುದಿತ್ತು. ಚಿನ್ನ 2025ರಲ್ಲಿ ಹತ್ತು ಗ್ರಾಮಿಗೆ ಒಂದು ಲಕ್ಷ ದಾಟಿದ್ದು ಜಗತ್ತಿನ ಕೇಂದ್ರೀಯ ಬ್ಯಾಂಕುಗಳ ಖರೀದಿ ಮತ್ತು ಅಮೆರಿಕದ ಅನಿಶ್ಚಿತತೆಯಿಂದ. ಡೊಂಬಿವಲಿಯ ಹೆಂಗಸರ ಖಾತೆಗೂ ಅದಕ್ಕೂ ಸಂಬಂಧವಿಲ್ಲ. ಏರಿದ ಮೇಲೆ ಜೀವಮಾನದ ಗಳಿಕೆಯನ್ನೆಲ್ಲ ಅಲ್ಲಿ ಸುರಿಯುವುದನ್ನು ನಾನಂತೂ ಒಪ್ಪಲಾರೆ.

ಮುಲುಂಡಿನಿಂದ ಎರಡು ಮಾತು

ನನ್ನ ಅಕ್ಕ ನ್ಯೂಜೆರ್ಸಿಯಲ್ಲಿದ್ದಾಳೆ. 2021ರಲ್ಲಿ ತಲೆಗೆ 1,400 ಡಾಲರಿನಂತೆ ಚೆಕ್ಕು ಬಂದಾಗ, ಅವಳಂತೆಯೇ ಬೀದಿಯವರೆಲ್ಲ ಹಳೆಯ ಕಾರು ಹುಡುಕಲು ಹೊರಟರಂತೆ. ಎಲೆಕ್ಟ್ರಾನಿಕ್ ಚಿಪ್‌ಗಳ ಕೊರತೆಯಿಂದ ಹೊಸ ಕಾರುಗಳು ಸಿಗುವುದೇ ಕಷ್ಟವಾಗಿತ್ತು. ಆ ಜೂನಿಗೆ ಅಲ್ಲಿ ಬಳಸಿದ ಕಾರುಗಳ ಬೆಲೆ ವರ್ಷದಲ್ಲಿ ಶೇಕಡಾ 45ರಷ್ಟು ಏರಿತ್ತು. ಪುಣೆಯ ಹಿರಿಯರು ಹೇಳಿದ ಎರಡನೆಯ ಸಂಗತಿಗೆ, ಅಂದರೆ ಕೊಳ್ಳಲು ಸರಕು ಇತ್ತೇ ಎಂಬುದಕ್ಕೆ, ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ತೋಚುವುದಿಲ್ಲ.

ಗೋವಾದ ವಾಸ್ಕೋದಿಂದ

ನಾನು ಇಂಥ ಹಣವನ್ನು ಪಡೆಯುವವಳೇ ಆದ್ದರಿಂದ ಬರೆಯುತ್ತಿದ್ದೇನೆ. ನಮ್ಮ ಹಿರಿಯರು ಬಾಗಲಕೋಟೆ ಕಡೆಯಿಂದ ಬಂದವರು, ನಾನು ಹುಟ್ಟಿದ್ದು ಇಲ್ಲಿಯೇ. ಗೋವಾ ಸರಕಾರದ 'ಗೃಹ ಆಧಾರ' ಯೋಜನೆಯಲ್ಲಿ ನನಗೂ 1,500 ರೂಪಾಯಿ ಬರುತ್ತದೆ, ಕೆಲವೊಮ್ಮೆ ಎರಡು ತಿಂಗಳದ್ದು ಒಟ್ಟಿಗೆ. ಅದು ಬಂದ ದಿನ ನಾನು ಹೊಸದೇನನ್ನೂ ಕೊಳ್ಳುವುದಿಲ್ಲ. ಕಿರಾಣಿ ಅಂಗಡಿಯ ಉದ್ರಿ ತೀರಿಸುತ್ತೇನೆ. ಅದೇ ಅಕ್ಕಿ, ಅದೇ ಎಣ್ಣೆ, ಮೊದಲೇ ತಂದು ಉಂಡದ್ದು. ಇದರಿಂದ ಅಂಗಡಿಯವರ ಬೆಲೆ ಏರಲು ಕಾರಣವೇನೂ ಕಾಣುವುದಿಲ್ಲ. ಇಲ್ಲಿ ಮೀನು ದುಬಾರಿಯಾಗುವುದು ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವಾಗ. ಯೋಜನೆ ಇಲ್ಲದ ಕಾಲದಲ್ಲೂ ಹಾಗೆಯೇ ಇತ್ತು. ಆದರೆ ಒಂದನ್ನು ಮುಚ್ಚಿಡಲಾರೆ: ನಮ್ಮ ಚಾಳಿನ ಬಾಡಿಗೆಯನ್ನು ಏರಿಸಲು ಬಂದ ಯಜಮಾನರು ಎಲ್ಲ ಹೆಂಗಸರಿಗೂ ಹಣ ಬರುತ್ತಿದೆಯಲ್ಲ ಎಂದು ನಮ್ಮೆದುರೇ ಹೇಳಿ ಮುನ್ನೂರು ಹೆಚ್ಚಿಸಿದರು. ಮನೆಗಳು ಹೆಚ್ಚಲಿಲ್ಲ, ಕೈಯ ಹಣ ಹೆಚ್ಚಿತು ಎಂಬುದು ಅವರಿಗೆ ಗೊತ್ತಿತ್ತು.

ಅಕ್ಕ, ನಿಮ್ಮ ಇಬ್ಬರು ಸಹಾಯಕಿಯರ ಬಾಡಿಗೆ ಏರಿದೆಯೇ ಎಂದೂ ಒಮ್ಮೆ ಕೇಳಿ ನೋಡಿ.

ಡೊಂಬಿವಲಿಯಿಂದ ಮರುಮಾತು

ಎಲ್ಲರಿಗೂ ನಮಸ್ಕಾರ. 2023ರಿಂದ ಈಚಿನ ಖರ್ಚಿನ ಪುಸ್ತಕಗಳನ್ನು ತೆಗೆದು ಎರಡು ದಿನ ಕುಳಿತೆ. ತರಕಾರಿಯ ಖರ್ಚು ಅಂದಿಗಿಂತ ಈಗ ಕಡಿಮೆಯಿದೆ, ಅದು ನನಗೇ ತಿಳಿದಿರಲಿಲ್ಲ. ತೆಂಗಿನಕಾಯಿಯ ಖರ್ಚು ಬಹಳ ಏರಿದೆ. ಇಳುವರಿ ಕುಸಿದು ದುಬಾರಿಯಾಗಿರುವುದರಿಂದ ವಾರಕ್ಕೆ ಎರಡು ದಿನ ಕಾಯಿ ಅರೆಯದ ಪದಾರ್ಥ ಮಾಡುವುದೆಂದು ನಿಶ್ಚಯಿಸಿದ್ದೇನೆ. ಸಹಾಯಕಿಯರಲ್ಲಿ ಒಬ್ಬಳ ಬಾಡಿಗೆ ನಿಜವಾಗಿಯೂ ಏರಿದೆ, ಅವಳು ಕೇಳಲು ಸಂಕೋಚಪಟ್ಟಿದ್ದಳು. ಇಬ್ಬರಿಗೂ ಸಂಬಳ ಹೆಚ್ಚಿಸಿ, ಡಬ್ಬಾದ ದರಕ್ಕೆ ಅದನ್ನಷ್ಟೇ ಹಂಚಿದಾಗ ಏರಿಕೆ ಶೇಕಡಾ 6ಕ್ಕೆ ನಿಂತಿತು. ಜನವರಿಯಿಂದ ಆ ದರ. ಠೇವಣಿಯನ್ನು ಮುರಿಯುತ್ತಿಲ್ಲ. ಭಾವನವರು ಮಾತ್ರ ಈಗಲೂ ಎಣ್ಣೆಯ ಡಬ್ಬಗಳನ್ನು ತರಿಸುವ ಯೋಚನೆಯಲ್ಲಿದ್ದಾರೆ. ಮಾಟುಂಗದ ಅಣ್ಣನವರ ಅನುಭವವನ್ನು ಅವರಿಗೆ ಓದಿ ಹೇಳಿದ್ದೇನೆ.