ವಂಶವೃಕ್ಷ: ಹರಪನಹಳ್ಳಿ ತಾಲ್ಲೂಕಿನ ಊರಿಗೆ ಯಾವ ಜಿಲ್ಲೆ ಬರೆಯಬೇಕು?

ಪ್ರಶ್ನೆ: ಅಜ್ಜ ಹುಟ್ಟಿದ್ದು 1932ರಲ್ಲಿ, ಹರಪನಹಳ್ಳಿ ತಾಲ್ಲೂಕಿನ ಹೊಸಹಳ್ಳಿಯಲ್ಲಿ. ಹಳೇ ಕ್ರಯಪತ್ರದಲ್ಲಿ ಬಳ್ಳಾರಿ ಜಿಲ್ಲೆ, ಅಪ್ಪನ ಕಾಗದದಲ್ಲಿ ದಾವಣಗೆರೆ, ಈಗ ವಿಜಯನಗರ. ಯಾವುದನ್ನು ಹಾಕಲಿ?

ಉತ್ತರ 1: ಘಟನೆ ನಡೆದ ದಿನ ಯಾವ ಆಡಳಿತವಿತ್ತೋ ಅದನ್ನೇ ಹಾಕಿ: 'ಬಳ್ಳಾರಿ ಜಿಲ್ಲೆ, ಮದ್ರಾಸ್ ಪ್ರಾಂತ್ಯ'. ಆ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ಕ್ಕೆ. 'ಕರ್ನಾಟಕ' ಅನ್ನುವ ಹೆಸರು 1973ರ ನವೆಂಬರ್ 1ರಿಂದ. 1997ರಲ್ಲಿ ದಾವಣಗೆರೆ, ಆಮೇಲೆ ಮತ್ತೆ ಬಳ್ಳಾರಿ, 2021ರಲ್ಲಿ ವಿಜಯನಗರ. ಈಗಿನ ಜಿಲ್ಲೆಯನ್ನು ಟಿಪ್ಪಣಿಯಲ್ಲಿ ಬರೆದರೆ ಸಾಕು. 1932ಕ್ಕೆ 'ಕರ್ನಾಟಕ' ಅಂತ ಹಾಕಿದರೆ ಮುಂದೆ ಹುಡುಕುವವರು ಮದ್ರಾಸ್ ಸರ್ಕಾರದ ಕಡತಗಳತ್ತ ಹೋಗುವುದೇ ಇಲ್ಲ.

ಉತ್ತರ 2: ಜಿಲ್ಲೆಗಿಂತ ಹೋಬಳಿ ಮುಖ್ಯ ಸ್ವಾಮಿ. ಹೊಸಹಳ್ಳಿಗಳಿಗೆ ಲೆಕ್ಕವಿಲ್ಲ. ಪತ್ರದಲ್ಲಿ ಸರ್ವೆ ನಂಬರ್, ಚೆಕ್ಕುಬಂದಿ (ಜಮೀನಿನ ನಾಲ್ಕು ದಿಕ್ಕಿನ ಗಡಿ ವಿವರ) ಇದ್ದರೆ ಪಕ್ಕದ ಊರುಗಳ ಹೆಸರು ಸಿಗಬಹುದು; ಗ್ರಾಮ ನಕ್ಷೆಯ ಜೊತೆ ತಾಳೆ ನೋಡಿ. ಕಂದಾಯ ಗ್ರಾಮಗಳ ಪಟ್ಟಿಯಲ್ಲಿ ಊರೇ ಇಲ್ಲವೆಂದರೆ ಅದು ಮಜರೆಯೋ (ಕಂದಾಯ ಗ್ರಾಮಕ್ಕೆ ಸೇರಿದ ಚಿಕ್ಕ ಹಳ್ಳಿ) ತಾಂಡಾವೋ ಆಗಿರಬಹುದು, ಆಗ ಮೂಲ ಕಂದಾಯ ಗ್ರಾಮವನ್ನೂ ಬರೆಯಿರಿ. ಪತ್ರದಲ್ಲಿರುವ ಕಾಗುಣಿತವನ್ನು ಮಾತ್ರ ತಿದ್ದಬೇಡಿ. ಇದ್ದಂತೆ ಉದ್ಧರಿಸಿ, ಇಂದಿನ ರೂಪ ಬೇರೆ ಸಾಲಿನಲ್ಲಿರಲಿ.

ಉತ್ತರ 3: ಊರು ಖಚಿತವಾದ ಮೇಲೆ ಅಕ್ಷಾಂಶ–ರೇಖಾಂಶ ಸೇರಿಸಿ, ನಾಲ್ಕು ದಶಮಾಂಶ ಸಾಕು. ಜಿಲ್ಲೆ ಎಷ್ಟು ಸಲ ಬದಲಾದರೂ ಅದು ಬದಲಾಗದು. ಖಚಿತವಾಗದಿದ್ದರೆ ಖಾಲಿ ಬಿಡಿ. ತಾಲ್ಲೂಕು ಕೇಂದ್ರದ ಅಂಕಿ ಹಾಕಿದರೆ ಅಜ್ಜ ಹರಪನಹಳ್ಳಿ ಪೇಟೆಯಲ್ಲೇ ಹುಟ್ಟಿದಂತಾಗುತ್ತದೆ.