ಗುತ್ತಿ ನೀಲಿ ಜೇಡ ಕೆಳಗಿಳಿದು ಕೂತಿದೆ, ಊಟ ಮುಟ್ಟುತ್ತಿಲ್ಲ

ಪ್ರಶ್ನೆ: ನಾನಿರುವುದು ಜರ್ಮನಿಯಲ್ಲಿ. ಇಲ್ಲೇ ಸಾಕಣೆಯಲ್ಲಿ ಹುಟ್ಟಿದ ಪೀಸಿಲೊಥೇರಿಯಾ ಮೆಟಾಲಿಕಾ (ಗುತ್ತಿ ನೀಲಿ ಜೇಡ) ಮರಿ ತಂದು ಏಳು ತಿಂಗಳಾಯಿತು. ಕಾಲು ಚಾಚಿದರೆ ಈಗ 8 ಸೆಂ.ಮೀ. ಮೊದಲೆಲ್ಲ ಕಾರ್ಕ್ ತೊಗಟೆಯ ಹಿಂದೆ ಅವಿತಿರುತ್ತಿತ್ತು. ಹತ್ತು ದಿನದಿಂದ ಕೆಳಗೆ ಮೂಲೆ ಹಿಡಿದಿದೆ. ಜಿರಲೆ ಮರಿ ಕಾಲ ಹತ್ತಿರವೇ ಓಡಾಡಿದರೂ ಹಿಡಿಯುವುದಿಲ್ಲ. ಹೀಟರ್‌ಗೆ ಒಣಗಬಾರದೆಂದು ದಿನಾ ಎರಡು ಸಲ ನೀರು ಸ್ಪ್ರೇ ಮಾಡುತ್ತೇನೆ. ತೊಗಟೆ ಮೇಲೆ ಬಿಳಿ ಬೂಷ್ಟು ಬಂದಿದೆ. ಪೊರೆ ಬಿಡುವ ಸಮಯ ಇರಬಹುದಾ?

ಉತ್ತರ: ಬೆಳಿಗ್ಗೆ ಹೊಡೆದ ನೀರಿನ ಹನಿ ಮಧ್ಯಾಹ್ನಕ್ಕೂ ಹಾಗೇ ಇರುತ್ತಾ? ಗಾಳಿಗೆ ತೂತು ಎಲ್ಲಿದೆ? ಹೊಟ್ಟೆ ಹೇಗಿದೆ?

ಕೇಳಿದವರು: ಇರುತ್ತೆ. ಅಕ್ರಿಲಿಕ್ ಪೆಟ್ಟಿಗೆ, ಮುಚ್ಚಳದಲ್ಲಿ ಮಾತ್ರ ಜಾಲರಿ. ಹೊಟ್ಟೆ ದುಂಡಗಿದೆ, ಬಣ್ಣವೂ ಚೆನ್ನಾಗಿದೆ.

ಉತ್ತರ: ಹೊಟ್ಟೆ ಸುಕ್ಕಾಗಿಲ್ಲ ಅಂದರೆ ಬಾಯಾರಿಕೆಯಲ್ಲ. ಪೊರೆ ಬಿಡುವುದಾದರೆ ಬಣ್ಣ ಮಂಕಾಗಿ, ಗೂಡಿನ ಬಾಯಿಗೆ ಬಲೆ ಕಟ್ಟಿಕೊಂಡು ಒಳಗೇ ಇರುತ್ತಿತ್ತು. ನನಗನ್ನಿಸುವುದು, ಒಳಗೆ ಗಾಳಿಯಾಡುತ್ತಿಲ್ಲ. ಸ್ಪ್ರೇ ಬಾಟಲಿ ಎತ್ತಿಡಿ.

ಇದು ಮಳೆಕಾಡಿನ ಜೀವ ಅಲ್ಲ. ಆಂಧ್ರದ ನಂದ್ಯಾಲ–ಗಿದ್ದಲೂರು ನಡುವಿನ ಎಲೆಯುದುರುವ ಕಾಡಿನಲ್ಲಿ, ಹಳೇ ಮರದ ಪೊಟರೆಯಲ್ಲಿ ಇರುವಂಥದ್ದು. ಮೊದಲು ಸಿಕ್ಕಿದ್ದು ಗುತ್ತಿಯ ರೈಲ್ವೆ ಮರದ ಡಿಪೋದಲ್ಲಿ, ಅದಕ್ಕೇ ಆ ಹೆಸರು. 1899ರಲ್ಲಿ ವೈಜ್ಞಾನಿಕ ವರ್ಣನೆ ಬಂತು. ಆಮೇಲೆ ನೂರು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. ಬಳ್ಳಾರಿ ಪಕ್ಕದ ಊರಿನ ಹೆಸರಿಟ್ಟುಕೊಂಡು ಜರ್ಮನಿಯಲ್ಲಿ ಕೂತಿದೆ ನೋಡಿ!

ಎರಡು ಎದುರುಬದುರು ಗೋಡೆಗೆ, ಒಂದು ಕಡೆ ಕೆಳಗೆ, ಇನ್ನೊಂದು ಕಡೆ ಮೇಲೆ ಸಣ್ಣ ತೂತು ಹಾಕಿ. ಜೇಡ ಒಳಗಿದ್ದಾಗ ಡ್ರಿಲ್ ಬೇಡ. ಪ್ಲಾಸ್ಟಿಕ್ ಡಬ್ಬಿ ಕವುಚಿ ಜೇಡವನ್ನು ಹಿಡಿದು ಬೇರೆಡೆ ಇಡಿ, ಹಿಡಿಯುವುದನ್ನು ಬಾತ್‌ಟಬ್ ಒಳಗೆ ನಿಂತು ಮಾಡಿದರೆ ತಪ್ಪಿಸಿಕೊಂಡರೂ ಸಿಗುತ್ತೆ. ಇದಕ್ಕೆ ಎದುರಾಳಿ ಮೇಲೆ ಉದುರಿಸಲು ತುರಿಕೆ ಕೂದಲಿಲ್ಲ, ಓಡುತ್ತೆ ಇಲ್ಲಾ ಕಚ್ಚುತ್ತೆ. ಕಚ್ಚಿದರೆ ನೋವಿನ ಜೊತೆ ಸ್ನಾಯು ಹಿಡಿದುಕೊಳ್ಳುತ್ತೆ. ಬೂಷ್ಟು ಹಿಡಿದ ತೊಗಟೆ ಬದಲಿಸಿ. ಕೆಳಗೆ ಹಾಸಿದ ತೆಂಗಿನ ನಾರಿನ ಪುಡಿಯ ಒಂದು ಮೂಲೆ ಮಾತ್ರ ತೇವ ಇರಲಿ, ನೀರಿನ ಬಟ್ಟಲು ಸದಾ ತುಂಬಿರಲಿ. ಜಿರಲೆ ತೆಗೆದುಬಿಡಿ.

ಕೇಳಿದವರು: ತೂತು ಹಾಕಿದ ನಾಲ್ಕನೇ ರಾತ್ರಿ ಮೇಲೆ ಹತ್ತಿತು! ಎರಡು ಜಿರಲೆ ತಿಂದಿತು. ಈಗ ಮೂರು ವಾರ. ಬಣ್ಣ ಮಂಕಾಗಿದೆ, ತೊಗಟೆ ಬಾಯಿಗೆ ಬಲೆ ಹಾಕಿದೆ.

ಉತ್ತರ: ಈಗ ಪೊರೆ. ಬಲೆ ಬಿಚ್ಚಿ ನೋಡಬೇಡಿ. ಹೊರಬಂದ ಮೇಲೆ ವಿಷದ ಹಲ್ಲು ಬೆಳ್ಳಗಿರುತ್ತೆ, ಆಮೇಲೆ ಕೆಂಪು, ಕೊನೆಗೆ ಕಪ್ಪು. ಕಪ್ಪಾಗುವವರೆಗೆ ಊಟ ಹಾಕಬೇಡಿ.