ಪದಚರ್ಚೆ: ‘ಆಲಯವಿಜ್ಞಾನ’ಕ್ಕೆ ಇವತ್ತಿನ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

‘ಸೇಂಟ್ ಸೇಯಾ’ ಅನ್ನುವ ಜಪಾನಿ ಅನಿಮೆಯ ಹೇಡಿಸ್ ಭಾಗಕ್ಕೆ (2002ರಲ್ಲಿ ಶುರುವಾದದ್ದು) ಸುಮ್ನೆ ಖುಷಿಗೆ ಕನ್ನಡ ಸಬ್‌ಟೈಟಲ್ ಬರೆಯುತ್ತಿದ್ದೇನೆ. ಒಂದು ದೃಶ್ಯದಲ್ಲಿ ಬರುವ ‘ಆಲಯವಿಜ್ಞಾನ’ ಅನ್ನುವ ಬೌದ್ಧ ಪದದಲ್ಲಿ ಸಿಕ್ಕಿಕೊಂಡಿದ್ದೇನೆ.

ಕನ್ಯಾ ರಾಶಿಯ ಯೋಧನ ಹೆಸರು ಶಾಕ. ಜಪಾನಿನಲ್ಲಿ ಶಾಕ ಅಂದರೆ ಶಾಕ್ಯಮುನಿಯೇ. ಜೋಡಿ ಸಾಲಮರಗಳಿರುವ ತೋಟದಲ್ಲಿ, ಮೂವರು ಹಳೆಯ ಒಡನಾಡಿಗಳ ಏಟಿಗೆ ಬೇಕೆಂದೇ ಮೈಯೊಡ್ಡಿ ಸಾಯುತ್ತಾನೆ. ಕುಶಿನಗರದಲ್ಲಿ ಬುದ್ಧ ಕೊನೆಯುಸಿರೆಳೆದದ್ದೂ ಜೋಡಿ ಸಾಲಮರಗಳ ನಡುವೆಯೇ ಅಲ್ವಾ. (ಸಾಲ ಅನ್ನುವುದು ಒಂದು ಮರದ ಹೆಸರು. ಇದನ್ನು ಓದಿದ ಗೆಳೆಯ ‘ಸಾಲುಮರ ಇರಬೇಕು’ ಅಂತ ತಿದ್ದಿಕೊಟ್ಟ!)

ಈ ಸಾವನ್ನು ‘ಆತ್ಮಾಹುತಿ’ ಅನ್ನಲು ಮನಸ್ಸಾಗಲಿಲ್ಲ. ಪತ್ರಿಕೆಗಳು ಆ ಪದವನ್ನು ಬಾಂಬಿಗೆ ಕಟ್ಟಿಹಾಕಿವೆ. ಆತ್ಮವನ್ನೇ ಒಪ್ಪದ ಬೌದ್ಧನಿಗೆ ಅದು ಮೊದಲೇ ಒಗ್ಗದು. ಒಡೆಯನಿಗಾಗಿ ಪ್ರಾಣ ಕೊಡುವ ಮಾತಿಗೆ ಕಟ್ಟುಬಿದ್ದವನನ್ನು ನಮ್ಮ ಶಾಸನಗಳು ‘ವೇಳೆವಾಳಿ’ ಅನ್ನುತ್ತವೆ. ಪದ ಚೆನ್ನ, ಆದರೆ ಸಬ್‌ಟೈಟಲ್‌ಗೆ ಅಡಿಟಿಪ್ಪಣಿ ಹಾಕಲಾಗದು. ‘ಪ್ರಾಣ ಕೊಟ್ಟ’ ಅಂತಷ್ಟೇ ಬರೆದೆ.

ನಿಜವಾದ ತೊಡಕು ಮುಂದಿದೆ. ಸಾಯುವ ಮುನ್ನ ಅವನು ಹೂವಿನ ಎಸಳುಗಳ ಮೇಲೆ ರಕ್ತದಲ್ಲಿ ‘ಅರಯಶಿಕಿ’ ಎಂದು ಬರೆದು, ತಾನು ಕಾಯುವ ದೇವಿ ಅಥೀನಾಳಿಗೆ ಕಳಿಸುತ್ತಾನೆ. ಅರಯ ಅಂದರೆ ನಮ್ಮ ಆಲಯವೇ. ಜಪಾನಿಗೆ ‘ಲ’ ಇಲ್ಲ. ಸಾಲವೂ ಅಲ್ಲಿ ‘ಸರ’. ಶಿಕಿ ಅಂದರೆ ವಿಜ್ಞಾನ, ಇಲ್ಲಿ ಅರಿವು ಅನ್ನುವ ಅರ್ಥದಲ್ಲಿ. ಅಸಂಗ, ವಸುಬಂಧು ಇವರ ಯೋಗಾಚಾರ ಅನ್ನುವ ಬೌದ್ಧ ಪಂಥದಲ್ಲಿ ಇಂದ್ರಿಯಗಳ ಐದು ವಿಜ್ಞಾನ, ಆರನೆಯದು ಮನೋವಿಜ್ಞಾನ, ಏಳನೆಯದು ‘ನಾನು’ ಅಂತ ಅಂಟಿಕೊಳ್ಳುವ ಮನಸ್, ಎಂಟನೆಯದು ಆಲಯ, ಅಂದರೆ ಎಲ್ಲವನ್ನೂ ಕೂಡಿಟ್ಟುಕೊಳ್ಳುವ ಅರಿವು. ಅದು ಎಚ್ಚೆತ್ತವರು ಜೀವ ಇದ್ದಂತೆಯೇ ಸತ್ತವರ ಲೋಕಕ್ಕೆ ಹೋಗಬಹುದು ಅನ್ನುವುದು ಮಾತ್ರ ಕತೆಗಾರನ ಸೇರ್ಪಡೆ.

‘ಆಲಯವಿಜ್ಞಾನ’ ಅಂತಲೇ ಹಾಕಿದರೆ ಗುಡಿ ಕಟ್ಟುವ ಶಾಸ್ತ್ರದ ಹಾಗೆ ಕೇಳಿಸುತ್ತದೆ. ವಿಜ್ಞಾನ ಈಗ ಪೂರ್ತಿ ಸೈನ್ಸ್ ಪಾಲಾಗಿದೆ. ‘ಸುಪ್ತಪ್ರಜ್ಞೆ’ ಅಂದರೆ ಫ್ರಾಯ್ಡ್ ಬಂದು ಕೂರುತ್ತಾನೆ. ನನಗೆ ಹೊಳೆದದ್ದು ‘ಕಣಜದರಿವು’. ನಾವು ಮಾಡಿದ್ದೆಲ್ಲ ಬೀಜವಾಗಿ ಅಲ್ಲಿ ಉಳಿದು, ಕಾಲ ಬಂದಾಗ ಮೊಳೆಯುತ್ತದೆ ಅನ್ನುವುದೇ ಯೋಗಾಚಾರದ ಮಾತು. ಆದರೆ ಕಣಜ ಅಂದರೆ ಜಾಸ್ತಿ ನೆನಪಾಗುವುದು ಉಣ್ಣುವ ಕಾಳು. ಬಿತ್ತನೆಗೆಂದು ಎತ್ತಿಡುವ ಬೀಜದ ಜಾಗಕ್ಕೆ ನಿಮ್ಮ ಕಡೆ ಬೇರೆ ಹೆಸರು ಇದೆಯಾ?